ಸಸಿ ಕೊಟ್ಟು ಸಬ್ಸಿಡಿನೂ ಮಾಡಿಸಿಕೊಡ್ತೀವಿ ಅಂತ ಯಾರಾದರೂ ಬಂದರೆ ದುಡ್ಡು ಕೊಡಬೇಡಿ

ಮುಂಗಾರು ಹತ್ತಿರ ಬಂತು. ಇನ್ನು ಹಳ್ಳಿ ಹಳ್ಳಿಗೆ ಇಂಥ ಏಜೆಂಟರ ಬೈಕುಗಳು ಬರುತ್ತವೆ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ಹೊಲದಲ್ಲಿ ಮರ ಬೆಳೆಸಿದರೆ ಅರಣ್ಯ ಇಲಾಖೆ ದುಡ್ಡು ಕೊಡುತ್ತದೆ ಅನ್ನುವುದು ನಿಜ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಅಂತ ಅದರ ಹೆಸರು, 2011-12ರಿಂದ ನಡೆಯುತ್ತಿದೆ, ಯೋಜನೆ ಚೆನ್ನಾಗೇ ಇದೆ. ಆದರೆ ಅದರ ಹೆಸರು ಹೇಳಿಕೊಂಡು ಒಬ್ಬ ಏಜೆಂಟ್ ನಮ್ಮ ಚಿಕ್ಕಪ್ಪನ ಹತ್ತಿರ 35 ಸಾವಿರ ಕಿತ್ತುಕೊಂಡು ಹೋದ. ನಮ್ಮೂರು ಹೊಸದುರ್ಗದ ಕಡೆ. ನಮ್ಮ ಬೀದಿಯಲ್ಲೇ ಇನ್ನೂ ಕೆಲವರು ಕೊಟ್ಟಿದ್ದಾರೆ, ಮರ್ಯಾದೆಗೆ ಅಂಜಿ ಬಾಯಿ ಬಿಡುತ್ತಿಲ್ಲ ಅಷ್ಟೇ.

ಅವನ ಮಾತು ಹೀಗಿತ್ತು. "ಯಜಮಾನ್ರೇ, ಒಂದು ಗಿಡಕ್ಕೆ ಸರ್ಕಾರ 125 ರೂಪಾಯಿ ಕೊಡುತ್ತೆ. ಗಿಡ ನಮ್ದು, ಫೈಲೂ ನಮ್ದೇ. ನೀವು ಗುಂಡಿ ತೆಗೆಸಿದ್ರೆ ಸಾಕು." ಎರಡು ಎಕರೆಗೆ 800 ಗಿಡ, ಒಂದು ಗಿಡಕ್ಕೆ 40 ರೂಪಾಯಿ, ಫೈಲ್ ಖರ್ಚು ಅಂತ ಮೂರು ಸಾವಿರ ಬೇರೆ. 800 ಗಿಡಕ್ಕೆ 125ರಂತೆ ಒಂದು ಲಕ್ಷ ಬರುತ್ತೆ ಅಂತ ಕ್ಯಾಲ್ಕುಲೇಟರ್ ಒತ್ತಿ ತೋರಿಸಿದನಂತೆ. ಚಿಕ್ಕಪ್ಪ ಕೊಬ್ಬರಿ ಮಾರಿದ ದುಡ್ಡು ಎಣಿಸಿ ಕೊಟ್ಟರು.

ಮೋಸ ಇರುವುದು ಈ 125ರಲ್ಲೇ. ಅಂಕಿ ಸುಳ್ಳಲ್ಲ, ಯಾರನ್ನು ಕೇಳಿದರೂ ಹೌದು ಅಂತಾರೆ. ಆದರೆ ಅದು ಒಂದೇ ಸಲ ಬರುವ ದುಡ್ಡಲ್ಲ. ಗಿಡ ನೆಟ್ಟು ಒಂದು ವರ್ಷ ಆದ ಮೇಲೆ ಬದುಕಿರುವ ಪ್ರತಿ ಗಿಡಕ್ಕೆ 35 ರೂಪಾಯಿ, ಎರಡನೇ ವರ್ಷ 40, ಮೂರನೇ ವರ್ಷ 50. ಸತ್ತ ಗಿಡಕ್ಕೆ ಏನೂ ಇಲ್ಲ. ಇಲಾಖೆಯವರು ಬಂದು ಗಿಡ ಎಣಿಸಬೇಕು, ಆಮೇಲೆ ರೈತರ ಖಾತೆಗೇ ನೇರವಾಗಿ ಬೀಳುತ್ತದೆ. ಅದೂ ಹೆಕ್ಟೇರಿಗೆ 400 ಗಿಡ ಮೀರುವ ಹಾಗಿಲ್ಲ. ಅಂದರೆ ಎರಡು ಎಕರೆಗೆ ಹೆಚ್ಚು ಕಮ್ಮಿ 320. ಇವನು ಮಾರಿದ್ದು 800!

ರಸೀದಿ ನೋಡಬೇಕಿತ್ತು ನೀವು. ಗುಲಾಬಿ ಹಾಳೆ, ಕಾರ್ಬನ್ ಪ್ರತಿ, ಮೇಲೆ ಗಂಡಭೇರುಂಡದ ಲಾಂಛನ. ಜೆರಾಕ್ಸಿನ ಜೆರಾಕ್ಸ್ ಮಾಡಿದ್ದಕ್ಕೆ ಎರಡು ತಲೆ ಸೇರಿ ಒಂದು ಕಪ್ಪು ಮುದ್ದೆ ಆಗಿತ್ತು. ಕೆಳಗೆ ನೇರಳೆ ಬಣ್ಣದ ಸೀಲು, "ಕ್ಷೇತ್ರ ಅಧಿಕಾರಿ" ಅಂತ. ಯಾವ ಕ್ಷೇತ್ರ, ಯಾವ ಅಧಿಕಾರಿ, ದೇವರಿಗೇ ಗೊತ್ತು. ಯೋಜನೆಯ ಹೆಸರು ಮಾತ್ರ ದಪ್ಪ ಅಕ್ಷರದಲ್ಲಿ ಸರಿಯಾಗೇ ಇತ್ತು.

ವರ್ಷ ಕಳೆಯಿತು. ದುಡ್ಡು ಬರಲಿಲ್ಲ, ಅವನ ಫೋನು ಸ್ವಿಚ್ಡ್ ಆಫ್. ನಾನು ಊರಿಗೆ ಹೋದಾಗ ಚಿಕ್ಕಪ್ಪನನ್ನು ಕರೆದುಕೊಂಡು ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಹೋದೆ. ಅಲ್ಲಿನವರನ್ನು ಬೈಯುವುದಕ್ಕೇ ರೆಡಿಯಾಗಿ ಹೋಗಿದ್ದೆವು, ಆದರೆ ಅವರ ಪುಸ್ತಕದಲ್ಲಿ ಚಿಕ್ಕಪ್ಪನ ಹೆಸರೇ ಇರಲಿಲ್ಲ. ಅರ್ಜಿನೇ ಹಾಕಿಲ್ಲ! ಪಾಪ, ಗಾರ್ಡ್ ಒಬ್ಬರು ಹೊಲದ ತನಕ ಬಂದು ನೋಡಿದರು. "ಇವು ನಮ್ಮ ನರ್ಸರಿ ಗಿಡ ಅಲ್ಲ ಸ್ವಾಮಿ, ನಾನು ಏನಂತ ಬರ್ಕೊಳ್ಳಲಿ?" ಅಂದರು. ಮೊದಲು ಹೆಸರು ನೋಂದಾಯಿಸಬೇಕು, ಇಲಾಖೆಯ ನರ್ಸರಿಯಿಂದಲೇ ಸಸಿ ಎತ್ತಬೇಕು, ಆಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹೊರಗೆ ಕೊಂಡು ನೆಟ್ಟ ಗಿಡ ಎಷ್ಟೇ ಸೊಂಪಾಗಿ ಬೆಳೆದಿರಲಿ, ಈ ಯೋಜನೆಯಲ್ಲಿ ಅದಕ್ಕೆ ಪ್ರೋತ್ಸಾಹಧನ ಇಲ್ಲ.

ಇನ್ನೊಂದು ವಿಷಯ ಅವರು ಹೇಳಿದ ಮೇಲೆ ಚಿಕ್ಕಪ್ಪ ಬದುವಿನ ಮೇಲೇ ಕೂತುಬಿಟ್ಟರು. 800ರಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಲ್ವರ್ ಓಕು, ಮಿಕ್ಕಿದ್ದರಲ್ಲಿ ಸರ್ವೆ ಗಿಡ, ಒಂದಷ್ಟು ಹೆಬ್ಬೇವು. ಸಿಲ್ವರ್ ಓಕು, ಸರ್ವೆ ಎರಡಕ್ಕೂ ಈ ಯೋಜನೆಯಲ್ಲಿ ದುಡ್ಡೇ ಇಲ್ಲ. ನೀಲಗಿರಿ, ಅಕೇಶಿಯಾ, ಸುಬಾಬುಲ್, ಗ್ಲಿರಿಸಿಡಿಯಾ, ರಬ್ಬರ್, ತೆಂಗು, ಅಡಿಕೆ, ಕಾಫಿ, ಟೀ, ಕಸಿ ಮಾವು, ನಿಂಬೆ ಕಿತ್ತಳೆ ಜಾತಿಯವು, ಇವಕ್ಕೂ ಇಲ್ಲ. ಬೇಗ ಬೆಳೆಯೋದು, ಇಲ್ಲ ರೈತರು ಹೇಗಿದ್ದರೂ ತಾವೇ ಹಾಕಿಕೊಳ್ಳೋದು, ಅದಕ್ಕೆ ಸರ್ಕಾರ ಯಾಕೆ ದುಡ್ಡು ಕೊಡಬೇಕು ಅಲ್ವಾ? ಆದರೆ ಖಾಸಗಿ ನರ್ಸರಿಗಳಲ್ಲಿ ರಾಶಿ ರಾಶಿ ಸಿಗುವುದೂ ಇವೇ.

ಸಸಿಗಳಾದರೂ ಚೆನ್ನಾಗಿದ್ದವಾ ಅಂದರೆ ಅದೂ ಇಲ್ಲ. ಗಾಳಿಗೆ ಬಿದ್ದ ಒಂದು ಗಿಡವನ್ನು ನಾನೇ ಕಿತ್ತು ನೋಡಿದೆ. ಬುಡದಲ್ಲಿ ಬೇರು ಸಿಂಬಿಯ ಹಾಗೆ ಸುತ್ತಿಕೊಂಡಿತ್ತು, ತಾಯಿಬೇರು ಕೆಳಗೆ ಇಳಿದೇ ಇಲ್ಲ. ಸಣ್ಣ ಪಾಕೀಟಿನಲ್ಲಿ ವರ್ಷಗಟ್ಟಲೆ ಇಟ್ಟು, ಮಾರಾಟ ಆಗದೆ ಉಳಿದ ಹಳೇ ಮಾಲು ಅದು. ಮೇಲಿಂದ ನೋಡಿದರೆ ಎತ್ತರ, ದಪ್ಪ, ರೈತರಿಗೆ ಖುಷಿ. ಯಾರ ಹತ್ತಿರ ಸಸಿ ತಂದರೂ ಒಂದು ಪಾಕೀಟು ಹರಿದು ಬೇರು ನೋಡಿ, ಹರಿಯೋದು ಬೇಡ ಅಂತ ಮಾರುವವರು ಅಂದರೆ ಆ ಅಂಗಡಿ ಬಿಟ್ಟುಬಿಡಿ.

ಮೇಲೆ 50 ಶ್ರೀಗಂಧದ ಸಸಿ "ಫ್ರೀ" ಕೊಟ್ಟಿದ್ದ. ಗಂಧದ ಗಿಡ ಪಕ್ಕದ ಗಿಡದ ಬೇರಿಗೆ ತನ್ನ ಬೇರು ಹಾಕಿ ಆಹಾರ ಎಳೆದುಕೊಳ್ಳುತ್ತದೆ. ಜೊತೆಗೆ ತೊಗರಿನೋ ಇನ್ನೊಂದೋ ಇರಲೇಬೇಕು. ಅದನ್ನು ಅವನು ಹೇಳಲೇ ಇಲ್ಲ. ಬೋಳು ನೆಲದಲ್ಲಿ ಸಾಲಾಗಿ ನೆಟ್ಟರು, ಬೇಸಿಗೆ ಬರುವ ಹೊತ್ತಿಗೆ ಎಲ್ಲಾ ಒಣಗಿಹೋದವು. ಗಂಧ ಹಾಕಿ ಕೋಟಿ ಮಾಡಿ ಅನ್ನುವವರ ಬಗ್ಗೆ ಬೇರೆಯದೇ ಬರೆಯಬೇಕು, ಇವತ್ತು ಬೇಡ.

ಒಂದು ಕಡೆ ಮಾತ್ರ ಬಚಾವಾದೆವು. ಅವನು ಹೆಬ್ಬೆಟ್ಟು ಒತ್ತುವ ಮಿಷನ್ ತಂದು ಕೆವೈಸಿ ಅಂದಿದ್ದ. ಚಿಕ್ಕಮ್ಮ "ಬ್ಯಾಂಕಿನಲ್ಲಿ ಬೇಕಾದರೆ ಒತ್ತುತ್ತಾರೆ, ಇಲ್ಲಿ ಬೇಡ" ಅಂತ ಚಿಕ್ಕಪ್ಪನನ್ನು ಒಳಗೆ ಕರೆದರಂತೆ. ಆಧಾರ್ ನಂಬರಿಗೆ ಬೆರಳಚ್ಚು ಸೇರಿದರೆ ಖಾತೆಯಿಂದ ದುಡ್ಡು ತೆಗೆಯಬಹುದು, ಒಟಿಪಿನೂ ಬೇಕಿಲ್ಲ. ಚಿಕ್ಕಮ್ಮನಿಗೆ ಇದೆಲ್ಲ ಗೊತ್ತಿರಲಿಲ್ಲ. ಅವನ ಬೂಟು ಸರಿ ಕಾಣಲಿಲ್ಲ ಅಂದರು ಅಷ್ಟೇ.

ನಿಜವಾಗಿ ಮಾಡಬೇಕಾದ ಕೆಲಸ ಜಾಸ್ತಿ ಏನಿಲ್ಲ. ಮಳೆಗೆ ಮೊದಲೇ ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಅರ್ಜಿ ಕೊಡಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್, ಫೋಟೋ. ನೋಂದಣಿ ಶುಲ್ಕ 10 ರೂಪಾಯಿ. ಹೌದು, ಹತ್ತೇ, ಮೂರು ಸಾವಿರ ಅಲ್ಲ. ಸಸಿ ರಿಯಾಯಿತಿ ದರದಲ್ಲಿ ಸಿಗುತ್ತದೆ, ಪಾಕೀಟಿನ ಸೈಜಿನ ಮೇಲೆ ರೇಟು. ಬೇಕಾದ ಜಾತಿ ಸಿಗದೇ ಇರಬಹುದು, ಅಧಿಕಾರಿ ಫೀಲ್ಡಿಗೆ ಹೋಗಿದ್ದಾರೆ ನಾಳೆ ಬನ್ನಿ ಅನ್ನಬಹುದು, ಎಣಿಸಲು ಬರುವುದು ತಡ ಆಗಬಹುದು, ದುಡ್ಡು ಇನ್ನೂ ತಡ ಆಗಬಹುದು. ಈ ಓಡಾಟಕ್ಕೆ ಬೇಸತ್ತೇ ಜನ ಏಜೆಂಟನ ಕೈಗೆ ಬೀಳುವುದು, ಅದನ್ನು ಇಲಾಖೆಯವರೂ ಸ್ವಲ್ಪ ಯೋಚನೆ ಮಾಡಬೇಕು. ಸಸಿ ತಂದಾಗ ರಸೀದಿ ಜೋಪಾನ ಮಾಡಿ, ನೆಟ್ಟ ಮೇಲೆ ಫೋಟೋ ತೆಗೆದಿಡಿ. ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇದ್ದರೆ ಮೊದಲು ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಮಾಡಿಸಿಕೊಳ್ಳಿ, ಇಲ್ಲದಿದ್ದರೆ ಅಲ್ಲೇ ತಗಲಿಕೊಳ್ಳುತ್ತದೆ.

ಪೊಲೀಸ್ ಠಾಣೆಗೆ ದೂರು ಕೊಟ್ಟಿದ್ದೇವೆ. ರಸೀದಿಯಲ್ಲಿರುವ ವಿಳಾಸದಲ್ಲಿ ಅಂಥ ನರ್ಸರಿಯೇ ಇಲ್ಲ. ದುಡ್ಡು ವಾಪಸ್ ಬರುವ ಆಸೆ ನನಗಿಲ್ಲ, ಚಿಕ್ಕಪ್ಪನಿಗೆ ಇನ್ನೂ ಇದೆ. ಈಗ ಅದೇ ಮನುಷ್ಯ ಹಿರಿಯೂರು ಕಡೆ ಬೆಣ್ಣೆಹಣ್ಣಿನ ಸಸಿ, ತೋಟಗಾರಿಕೆ ಸಬ್ಸಿಡಿ ಅಂತ ತಿರುಗುತ್ತಿದ್ದಾನೆ ಅಂತ ಸುದ್ದಿ. ನಿಮ್ಮ ಕಡೆ ಗುಲಾಬಿ ಬಣ್ಣದ ರಸೀದಿ ಬುಕ್ಕು ಕಂಡರೆ ಒಂದು ಫೋಟೋ ತೆಗೆದು ನಿಮ್ಮ ಠಾಣೆಗೆ ಕೊಡಿ.