ರೂಬಿಕ್ಸ್ ಕ್ಯೂಬ್: ಹಂತ ಹಂತವಾಗಿ ಬಿಡಿಸುವುದೋ, ಇಡಿಯಾಗಿ ನೋಡುವುದೋ?

ಹಂಗೇರಿಯ ಎರ್ನೋ ರೂಬಿಕ್ 1974ರಲ್ಲಿ ರೂಪಿಸಿದ ಕ್ಯೂಬ್ ಈಗ ಹಲವು ಕಂಪನಿಗಳ ಹೆಸರಿನಲ್ಲಿ ಸಿಗುತ್ತದೆ. ಸ್ಟಿಕ್ಕರ್ ಅಂಟಿಸಿದ್ದಕ್ಕಿಂತ ಬಣ್ಣದ ಪ್ಲಾಸ್ಟಿಕ್ಕಿನಲ್ಲೇ ಮಾಡಿದ್ದು ಬಾಳಿಕೆ ಬರುತ್ತದೆ. ಒಳಗೆ ಅಯಸ್ಕಾಂತವಿದ್ದರೆ ಇನ್ನೂ ಒಳ್ಳೆಯದು. ನನ್ನ ತಕರಾರು ಕ್ಯೂಬಿನ ಬಗ್ಗೆ ಅಲ್ಲ, ಸಾಮಾನ್ಯವಾಗಿ ಅದರ ಜೊತೆಗೆ ಬರುವ ಕೈಪಿಡಿಯ ಬಗ್ಗೆ.

ಕೈಪಿಡಿಯದು ಹಂತಗಳ ದಾರಿ. ಮೊದಲು ಬಿಳಿಯ ಪ್ಲಸ್, ಆಮೇಲೆ ಬಿಳಿ ಮೂಲೆಗಳು, ನಡುವಿನ ಪದರ, ಕೊನೆಗೆ ಹಳದಿ ಮುಖ. ಬಹುಪಾಲು ಹಂತಗಳಿಗೆ ಬಾಯಿಪಾಠ ಮಾಡಬೇಕಾದ ತಿರುವುಗಳಿವೆ. 43ರ ಮುಂದೆ 18 ಸೊನ್ನೆ ಬರೆಯುವಷ್ಟು ಜೋಡಣೆಗಳಿರುವ ವಸ್ತುವನ್ನು ಹೀಗೆ ಮಕ್ಕಳೂ ಬಿಡಿಸುತ್ತಾರೆಂಬುದು ಸಣ್ಣ ಮಾತಲ್ಲ. ತೊಡಕಿರುವುದು ಕೊನೆಯಲ್ಲಿ. ಮೇಲಿನ ಮೂಲೆಗಳನ್ನು ಸರಿಪಡಿಸಲು ನಾಲ್ಕು ತಿರುವುಗಳ ಒಂದೇ ಸರಣಿಯನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ, ಆಗ ಅಲ್ಲಿಯವರೆಗೆ ಕೂಡಿಸಿದ ಪದರಗಳೆಲ್ಲ ಕಲಸಿಹೋದಂತೆ ಕಾಣುತ್ತವೆ. ಮುಗಿದ ಹಂತ ಕೆಡಬಾರದೆಂದು ನಂಬಿದವರು ಗಾಬರಿಯಾಗಿ ಕೈಬಿಡುವುದು ಇಲ್ಲಿಯೇ. ಆ ಸರಣಿಯನ್ನು ಆರು ಸಲ ಮಾಡಿದರೆ ಕ್ಯೂಬ್ ಹೊರಟ ಸ್ಥಿತಿಗೇ ಮರಳುತ್ತದೆ. ಒಂದೊಂದು ಮೂಲೆಗೆ ಎರಡೋ ನಾಲ್ಕೋ ಸಲ ಮಾಡುತ್ತ ಹೋದಾಗ ಒಟ್ಟು ಲೆಕ್ಕ ಆರರ ಗುಣಕವಾಗಿ, ಕೆದರಿದ್ದೆಲ್ಲ ತಾನಾಗಿ ಕೂಡಿಕೊಳ್ಳುತ್ತದೆ. ಇಡೀ ಕ್ಯೂಬಿನ ಮೇಲೆ ಕಣ್ಣಿಟ್ಟವರಿಗೆ ಮಾತ್ರ ಹೊಳೆಯುವ ಈ ಸಂಗತಿಯನ್ನು ಒಂದೆರಡು ಸಾಲಿನಲ್ಲಿ ಬರೆಯಬಹುದಿತ್ತು.

ಇಡಿಯಾಗಿ ನೋಡುವವರ ದಾರಿ ಬೇರೆ. ಫ್ರಾನ್ಸಿನ ಜಿಲ್ ರೂ ಅವರ ವಿಧಾನದಲ್ಲಿ ಪದರಗಳಿಲ್ಲ. ಎಡಕ್ಕೊಂದು, ಬಲಕ್ಕೊಂದು ಬ್ಲಾಕನ್ನು ಕಣ್ಣಳತೆಯಲ್ಲೇ ಕಟ್ಟಬೇಕು. ಬಾಯಿಪಾಠ ಕಡಿಮೆ, ತಿರುವುಗಳೂ ಕಡಿಮೆ. ಯಾವ ಸ್ಥಿತಿಯನ್ನಾದರೂ 20 ತಿರುವುಗಳೊಳಗೆ ಬಿಡಿಸಬಹುದೆಂದು 2010ರಲ್ಲಿ ಕಂಪ್ಯೂಟರುಗಳ ನೆರವಿನಿಂದ ಸಾಬೀತಾಗಿದೆ, ಕೈಪಿಡಿಯ ದಾರಿಗಾದರೋ ಹಲವು ಸಲ ನೂರು ದಾಟುತ್ತದೆ.

ಹಾಗೆಂದು ಹಂತಗಳನ್ನು ಹಳಿಯುವಂತಿಲ್ಲ. ಸ್ಪರ್ಧೆಗಳಲ್ಲಿ ಅತಿ ವೇಗದವರಲ್ಲಿ ಹೆಚ್ಚಿನವರು ಇಂದಿಗೂ ಪದರಗಳ ವಿಧಾನವನ್ನೇ ಹಿಡಿದಿದ್ದಾರೆ, ಕೊನೆಯ ಪದರಕ್ಕೆಂದೇ 78 ಸೂತ್ರಗಳನ್ನು ಕಂಠಪಾಠ ಮಾಡಿರುತ್ತಾರೆ. ಆದರೆ ಶುರುವಿಗೆ ಮುಂಚೆ ಸಿಗುವ 15 ಸೆಕೆಂಡುಗಳಲ್ಲಿ ಅವರು ಒಂದು ತಿರುವನ್ನೂ ಮಾಡದೆ, ಪ್ಲಸ್ಸಿನ ನಾಲ್ಕೂ ತುಂಡುಗಳು ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬುದನ್ನು ಒಟ್ಟಿಗೇ ಲೆಕ್ಕ ಹಾಕಿಕೊಂಡಿರುತ್ತಾರೆ. ಕೈಪಿಡಿಯಲ್ಲಿ ಇದರ ಸುಳಿವೂ ಇರುವುದಿಲ್ಲ.

ಮಕ್ಕಳಿಗೆ ಕೊಡಿಸುವವರು ಧಾರಾಳವಾಗಿ ಕೊಡಿಸಬಹುದು. ಬಿಳಿಯ ಪ್ಲಸ್ಸನ್ನಂತೂ ಕೈಪಿಡಿ ತೆರೆಯದೆ ಅವರೇ ಕೂಡಿಸಲಿ; ಅದಕ್ಕೆ ಸೂತ್ರ ಬೇಕಿಲ್ಲ. ಹಳದಿ ಮುಖಕ್ಕೆ ಬರುವ ಹೊತ್ತಿಗೆ ಸೂತ್ರವಿಲ್ಲದೆ ನಡೆಯುವುದು ಕಷ್ಟ, ಅಲ್ಲಿಂದ ಮುಂದಕ್ಕೆ ಕೈಪಿಡಿಯನ್ನು ಅವರ ಕೈಗೆ ಕೊಡಿ.