ಕಾರಿನಲ್ಲಿ ಕೈ ಜಿಪಿಎಸ್ ಕೂರಿಸುವುದು: ಗಾಜು, ಎಸಿ ಕಿಂಡಿ, ಆಯಸ್ಕಾಂತ, ಅಂಟು

ಚಾರಣಕ್ಕೆಂದು ಕೊಂಡ ಗಾರ್ಮಿನ್ ಇಟ್ರೆಕ್ಸ್ 30 ಎಂಬ ಕೈ ಜಿಪಿಎಸ್ ಸಾಧನವನ್ನೇ ನಾನು ಕಾರಿನಲ್ಲೂ ಬಳಸುತ್ತೇನೆ. ಆಗುಂಬೆ, ಕುದುರೆಮುಖದ ಕಡೆ ಮೊಬೈಲ್ ಸಿಗ್ನಲ್ ಕೈಕೊಡುವ ರಸ್ತೆಗಳಲ್ಲಿ ಅದು ದಾರಿ ತೋರಿಸುತ್ತದೆ. ಕಾರು ನಿಲ್ಲಿಸಿದ ಮೇಲೆ ಅದನ್ನೇ ಬಿಚ್ಚಿಕೊಂಡು ಕಾಲುದಾರಿ ಹಿಡಿಯಬಹುದು. ಆದ್ದರಿಂದ ಅದಕ್ಕೆ ಬೇಕಾದ ಹೋಲ್ಡರ್ ಮೊಬೈಲಿನ ಹೋಲ್ಡರಿಗಿಂತ ಭಿನ್ನವಾದದ್ದು. ಪರದೆ 2.2 ಇಂಚಿನಷ್ಟೇ ಇರುವುದರಿಂದ ಅದು ಕಣ್ಣಿಗೆ ಹತ್ತಿರವಿರಬೇಕು; ಗುಂಡಿಗಳು ಪಕ್ಕಗಳಲ್ಲಿರುವುದರಿಂದ ಇಕ್ಕೆಲಗಳಿಂದ ಅದುಮಿ ಹಿಡಿಯುವ ಹೋಲ್ಡರ್ ಸಲ್ಲದು; ಜೊತೆಗೆ, ಒಂದೇ ಕೈಯಲ್ಲಿ ತೆಗೆದು ಮತ್ತೆ ಸಿಕ್ಕಿಸುವಂತಿರಬೇಕು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯು, ವಾಹನ ನಡೆಸುವಾಗ ಕೈಯಲ್ಲಿ ಹಿಡಿಯುವ ಸಂವಹನ ಸಾಧನಗಳನ್ನು ದಾರಿ ನೋಡುವುದಕ್ಕೆ ಮಾತ್ರ, ಅದೂ ಚಾಲಕನ ಏಕಾಗ್ರತೆ ಕೆಡದಂತೆ, ಬಳಸಲು ಅವಕಾಶ ನೀಡಿದೆ. ಇಟ್ರೆಕ್ಸ್ ಮಾತನಾಡುವ ಸಾಧನವಲ್ಲ. ಆದರೂ ಏಕಾಗ್ರತೆಯ ಆ ಷರತ್ತನ್ನೇ ನಾನು ಅಳತೆಗೋಲಾಗಿ ಇಟ್ಟುಕೊಂಡೆ.

ಮುಂದಿನ ಗಾಜಿಗೆ ಸಕ್ಷನ್ ಕಪ್ ಅಂಟಿಸುವುದು ಎಲ್ಲರೂ ಮೊದಲು ಹಿಡಿಯುವ ದಾರಿ, ಮತ್ತು ಅದಕ್ಕೆ ಕಾರಣಗಳೂ ಇವೆ. ಕಲೆ ಉಳಿಯುವುದಿಲ್ಲ, ಒಂದು ಕಾರಿನಿಂದ ಇನ್ನೊಂದಕ್ಕೆ ಒಯ್ಯಬಹುದು, ಆಕಾಶ ನೇರವಾಗಿ ಕಾಣುತ್ತದೆ. ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಬರುವ ಜಿಪಿಎಸ್ ಸಂಕೇತ ನಮ್ಮನ್ನು ತಲುಪುವಾಗ ಬಹಳ ಕ್ಷೀಣವಾಗಿರುವುದರಿಂದ ಈ ಕೊನೆಯದು ಸಣ್ಣ ಅನುಕೂಲವೇನಲ್ಲ. ಶಾಖವನ್ನು ತಡೆಯಲು ಲೋಹದ ಲೇಪ ಹಾಕಿದ ಗಾಜಾದರೆ ಮಾತ್ರ ಆ ಲಾಭ ಕೈತಪ್ಪುತ್ತದೆ. ತೊಡಕು ಬೇರೆಡೆ ಇದೆ. ಇಂದಿನ ಕಾರುಗಳ ಗಾಜು ಬಹಳ ಓರೆಯಾಗಿರುವುದರಿಂದ ಅದರ ಕೆಳತುದಿ ಸೀಟಿನಿಂದ ದೂರ ಉಳಿಯುತ್ತದೆ. ಸಣ್ಣ ಪರದೆಯನ್ನು ಹತ್ತಿರ ತರಲು ಉದ್ದನೆಯ ತೋಳು ಬೇಕು. ತೋಳು ಉದ್ದವಾದಷ್ಟೂ ಗುಂಡಿ ಬಿದ್ದ ರಸ್ತೆಯಲ್ಲಿ ಅಲುಗಾಟ ಹೆಚ್ಚುತ್ತದೆ, ಅಕ್ಷರ ಓದಲಾಗದು. ಕರಾವಳಿಯ ಏಪ್ರಿಲ್–ಮೇ ಬಿಸಿಲಿನಲ್ಲಿ ಕಾರು ನಿಲ್ಲಿಸಿ ಊಟ ಮುಗಿಸಿ ಬಂದರೆ, ಕಪ್ಪಿನೊಳಗೆ ಉಳಿದ ಗಾಳಿ ಹಿಗ್ಗಿ, ಅದರ ಅಂಚು ಮೆತ್ತಗಾಗಿ, ಹೋಲ್ಡರ್ ಡ್ಯಾಶ್‌ಬೋರ್ಡಿನ ಮೇಲೆ ಬಿದ್ದಿರುತ್ತದೆ. ಗಾಜನ್ನೂ ಕಪ್ಪನ್ನೂ ಸ್ಪಿರಿಟ್ಟಿನಿಂದ ಒರೆಸಿ ಅಂಟಿಸಿದರೆ ಹಿಡಿತ ಹೆಚ್ಚು ಕಾಲ ನಿಲ್ಲುತ್ತದೆ, ಆದರೆ ಬೇಸಿಗೆಗೆ ಅದೂ ಪೂರ್ಣ ಪರಿಹಾರವಲ್ಲ.

ಇಟ್ರೆಕ್ಸ್‌ನ ಪರದೆ ಮೊಬೈಲಿನದರಂತಲ್ಲ. ಮೇಲೆ ಬಿದ್ದ ಬೆಳಕನ್ನೇ ಹಿಂದಿರುಗಿಸಿ ತೋರಿಸುತ್ತದೆ, ಬಿಸಿಲು ಬಿದ್ದಷ್ಟೂ ಸ್ಪಷ್ಟವಾಗುತ್ತದೆ. ಗಾಜಿಗೆ ನೆಟ್ಟಗೆ ಅಂಟಿಸಿದಾಗ, ಸಂಜೆ ಪಡುವಣಕ್ಕೆ ಹೋಗುವಾಗ, ಸೂರ್ಯ ಸಾಧನದ ಬೆನ್ನಿಗಿರುತ್ತಾನೆ. ನಮ್ಮ ಕಡೆಯ ಮುಖ ನೆರಳಿನಲ್ಲಿ ಕಪ್ಪಾಗಿ ಕಾಣುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ ಸ್ವಲ್ಪ ಹಿಂದಕ್ಕೆ ವಾಲಿಸಿ ಇಟ್ಟರೆ ಆಕಾಶದ ಬೆಳಕು ನೇರ ಪರದೆಯ ಮೇಲೆ ಬಿದ್ದು ನಕ್ಷೆ ನಿಚ್ಚಳವಾಗುತ್ತದೆ. ನನ್ನ ಆಯ್ಕೆಯನ್ನು ಹಿಡಿತಕ್ಕಿಂತ ಹೆಚ್ಚಾಗಿ ನಿರ್ಧರಿಸಿದ್ದು ಈ ವ್ಯತ್ಯಾಸವೇ.

ಎಸಿ ಕಿಂಡಿಗೆ ಸಿಕ್ಕಿಸುವ ಕ್ಲಿಪ್ ಮೊಬೈಲಿಗೆ ಒಳ್ಳೆಯದು, ಚಾರ್ಜ್ ಆಗುತ್ತಾ ಬಿಸಿಯಾಗುವ ಬ್ಯಾಟರಿಗೆ ತಂಪು ಸಿಗುತ್ತದೆ. ಎರಡು ಎಎ ಸೆಲ್ಲುಗಳ ಮೇಲೆ ಓಡುವ, ಅವನ್ನು ತಾನೇ ಚಾರ್ಜ್ ಮಾಡದ ಇಟ್ರೆಕ್ಸ್‌ಗೆ ಆ ತಂಪಿನಿಂದ ಪ್ರಯೋಜನವಿಲ್ಲ. ಸೆಲ್ಲು ಸೇರಿ ಸುಮಾರು 140 ಗ್ರಾಂ ತೂಗುವ ಸಾಧನ ಪ್ರತಿ ಹಂಪಿನಲ್ಲೂ ಕಿಂಡಿಯ ತೆಳುಪಟ್ಟಿಯನ್ನು ಕೆಳಕ್ಕೆ ಬಾಗಿಸುತ್ತದೆ.

ಆಯಸ್ಕಾಂತದ ಹೋಲ್ಡರ್ ಬಳಸಲು ಎಲ್ಲಕ್ಕಿಂತ ಸುಲಭ, ಆದರೆ ಈ ಕೆಲಸಕ್ಕೆ ಎಲ್ಲಕ್ಕಿಂತ ಅಪಾಯಕಾರಿ. ಇಟ್ರೆಕ್ಸ್ 30ರೊಳಗೆ ವಿದ್ಯುನ್ಮಾನ ದಿಕ್ಸೂಚಿಯಿದೆ. ಕಾರು ಓಡುವಾಗ ಸಾಧನವು ದಿಕ್ಕನ್ನು ಚಲನೆಯಿಂದಲೇ ಲೆಕ್ಕ ಹಾಕುವುದರಿಂದ ದೋಷ ಗೋಚರಿಸುವುದಿಲ್ಲ. ಇಳಿದು ಕಾಡಿನ ಕವಲಿನಲ್ಲಿ ನಿಂತಾಗ, ಆಯಸ್ಕಾಂತ ಕಚ್ಚಿಕೊಳ್ಳಲೆಂದು ಸಾಧನದ ಬೆನ್ನಿಗೆ ಅಂಟಿಸಿದ ಉಕ್ಕಿನ ತಗಡಿನ ಪ್ರಭಾವಕ್ಕೆ ಮುಳ್ಳು ಸುಳ್ಳು ಹೇಳುತ್ತದೆ. ದಿಕ್ಸೂಚಿಯನ್ನು ಮತ್ತೆ ಹೊಂದಿಸಿಕೊಳ್ಳಬಹುದು, ಆದರೆ ಪ್ರತಿಬಾರಿಯೂ ಅದನ್ನು ನೆನಪಿಡಬೇಕು. ಮರಳು ತುಂಬಿದ ದಿಂಬಿನಂಥ ಹೋಲ್ಡರನ್ನೂ ಪರೀಕ್ಷಿಸಿದೆ. ಬಯಲುಸೀಮೆಯ ನೇರ ರಸ್ತೆಗೆ ಅದು ಸಾಕು, ಆಗುಂಬೆ ಘಾಟಿಯ ತಿರುವುಗಳಲ್ಲಿ ಎಡಕ್ಕೂ ಬಲಕ್ಕೂ ಜಾರುತ್ತದೆ.

ಉಳಿದದ್ದು ಡ್ಯಾಶ್‌ಬೋರ್ಡಿಗೆ ಅಂಟಿಸುವ ಬಿಲ್ಲೆ, ಅದರ ಮೇಲೆ ತಿರುಗುವ ಗುಂಡು, ಗುಂಡಿನ ತುದಿಗೆ ಇಟ್ರೆಕ್ಸ್‌ನ ಬೆನ್ನಿನ ಹಳಿಗೆ ಜಾರಿ ಕೂರುವ ತೊಟ್ಟಿಲು. ನನ್ನ ಕಾರಿನಲ್ಲಿ ಈಗ ಇರುವುದು ಇದೇ. ತೋಳು ಗಿಡ್ಡವಾದ್ದರಿಂದ ಅಲುಗಾಟ ಕಡಿಮೆ, ಗುಂಡಿಗಳು ತೆರೆದಿರುತ್ತವೆ, ಹೆಬ್ಬೆರಳಿನಿಂದ ಒತ್ತಿದರೆ ಸಾಧನ ಕೈಗೆ ಬರುತ್ತದೆ. ಆದರೆ ಜಾಗ ಆರಿಸುವುದಕ್ಕೆ ತಾಳ್ಮೆ ಬೇಕು. ಎಡಭಾಗದಲ್ಲಿ ಏರ್‌ಬ್ಯಾಗಿನ ಮುಚ್ಚಳವಿರುತ್ತದೆ, ಅದರ ಹತ್ತಿರವೂ ಸುಳಿಯಬಾರದು. ಮುಂದಿನ ಗಾಜಿನ ಬಲ ಅಂಚಿನ ಕಂಬದ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ದಾರಿಗೂ ಅಡ್ಡವಿರಬಾರದು. ಸ್ಪೀಡೋಮೀಟರಿನ ಬಲಕ್ಕೆ, ಕೆಳಮಟ್ಟದಲ್ಲಿ, ರಸ್ತೆಯನ್ನು ಮರೆಮಾಡದ ನುಣುಪಾದ ಜಾಗವೊಂದನ್ನು ಹುಡುಕಿ, ಮೊದಲು ಸಾಧಾರಣ ಟೇಪಿನಲ್ಲಿ ನಿಲ್ಲಿಸಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನೋಡುವುದು ಒಳ್ಳೆಯದು. ಡ್ಯಾಶ್‌ಬೋರ್ಡಿಗೆ ಹಚ್ಚುವ ಹೊಳಪಿನ ಪಾಲಿಷ್ ಅಂಟಿನ ಶತ್ರು. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರನ್ನು ಸಮಪಾಲಿನಲ್ಲಿ ಬೆರೆಸಿ ಒರೆಸಿ, ಒಣಗಿದ ಮೇಲೆ ಅಂಟಿಸಬೇಕು. 3ಎಂ ಕಂಪನಿಯ ವಿಎಚ್‌ಬಿ ಬಗೆಯ, ಎರಡೂ ಬದಿ ಅಂಟುವ ಟೇಪ್ ಸಾಧಾರಣ ತಾಪಮಾನದಲ್ಲಿ ಪೂರ್ಣ ಬಲ ಪಡೆಯಲು 72 ಗಂಟೆ ಹಿಡಿಯುತ್ತದೆ, ಅಲ್ಲಿಯವರೆಗೆ ಭಾರ ಹೇರಬಾರದು. ತರಿತರಿಯಾದ, ಮೆತ್ತನೆಯ ಡ್ಯಾಶ್‌ಬೋರ್ಡುಗಳಿಗೆ ಈ ದಾರಿ ಒಗ್ಗದು. ತೆಗೆಯುವಾಗ ಹೇರ್ ಡ್ರೈಯರಿನಿಂದ ಬಿಸಿಮಾಡಿ, ಗಾಳದ ದಾರವನ್ನು ಬಿಲ್ಲೆಯ ಕೆಳಗೆ ಹಾಯಿಸಿ ಗರಗಸದಂತೆ ಎಳೆದರೆ ಅಂಟು ಬಿಡುತ್ತದೆ. ಬಾಡಿಗೆ ಕಾರಿಗೆ ಇದೆಲ್ಲ ಸಾಧ್ಯವಿಲ್ಲವಾದ್ದರಿಂದ ಸಕ್ಷನ್ ಕಪ್ಪನ್ನು ಎಸೆದಿಲ್ಲ.

ಯಾವ ಹೋಲ್ಡರ್ ಆರಿಸಿದರೂ ವೈರಿನ ವಿಷಯ ಒಂದಿದೆ. ಕಾರಿನ 12 ವೋಲ್ಟ್ ಸಾಕೆಟ್ಟಿನಿಂದ ಯುಎಸ್‌ಬಿ ವೈರ್ ಕೊಟ್ಟಾಗ ಸಾಧನವು ಕಂಪ್ಯೂಟರಿಗೆ ಸೇರಿದೆನೆಂದು ಭಾವಿಸಿ ನಕ್ಷೆ ತೋರಿಸುವುದನ್ನೇ ನಿಲ್ಲಿಸುವುದುಂಟು. ಸಿಸ್ಟಮ್ ಸೆಟ್ಟಿಂಗಿನ ಇಂಟರ್‌ಫೇಸ್ ಪಟ್ಟಿಯಲ್ಲಿ ‘ಗಾರ್ಮಿನ್ ಸ್ಪ್ಯಾನರ್’ ಆರಿಸಿಟ್ಟರೆ ಅದು ಮೊದಲು ನಮ್ಮನ್ನು ಕೇಳುತ್ತದೆ. ಬೇಡವೆಂದರೆ ನಕ್ಷೆ ಹಾಗೆಯೇ ಉಳಿದು, ವಿದ್ಯುತ್ತು ಮಾತ್ರ ಕಾರಿನಿಂದ ಬರುತ್ತದೆ.