ಟೋಕಿಯೊ ನಿಲ್ದಾಣದ ‘ಬೆಳ್ಳಿ ಗಂಟೆ’: ಜೊತೆಗಾರರನ್ನು ಕೂಡಿಕೊಳ್ಳಲು ಎಷ್ಟು ನಂಬಬಹುದು?

ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಯಾರನ್ನಾದರೂ ಭೇಟಿಯಾಗಬೇಕಿದ್ದರೆ ನಾವು ಸಾಮಾನ್ಯವಾಗಿ ಜಾಗವನ್ನು ಗೊತ್ತುಮಾಡಿಕೊಳ್ಳುವುದಿಲ್ಲ. ‘ಮೆಜೆಸ್ಟಿಕ್‌ಗೆ ಬಂದು ಒಂದು ಫೋನ್ ಮಾಡಿ’ ಎಂದರೆ ಮಾತು ಮುಗಿಯಿತು. ಮುಂದಿನ ದ್ವಾರದ ಕಡೆ ಇದ್ದೀರೋ, ಓಕಳಿಪುರದ ಕಡೆ ಇದ್ದೀರೋ ಎಂಬುದೆಲ್ಲ ಆಮೇಲೆ ಫೋನಿನಲ್ಲಿ ಇತ್ಯರ್ಥವಾಗುತ್ತದೆ. ಇಬ್ಬರಿಗೂ ನಿಲ್ದಾಣ ಗೊತ್ತು, ಇಬ್ಬರ ಫೋನೂ ಹತ್ತುತ್ತದೆ, ಹತ್ತದಿದ್ದರೆ ಪಕ್ಕದವರನ್ನು ಕೇಳಲು ಭಾಷೆ ಇದೆ ಎಂಬ ಕಾರಣಕ್ಕೆ ಈ ಪದ್ಧತಿ ನಡೆಯುತ್ತದೆ. ಈ ಮೂರೂ ಇಲ್ಲದ ಊರಿನಲ್ಲಿ, ಬೇರೆ ಬೇರೆ ದಿಕ್ಕಿನಿಂದ ಬರುವ ಇಬ್ಬರು ಒಂದು ದೊಡ್ಡ ನಿಲ್ದಾಣದಲ್ಲಿ ಕೂಡಿಕೊಳ್ಳಬೇಕಾದಾಗ ಆ ನಿಲ್ದಾಣ ತಾನಾಗಿ ಏನು ನೆರವು ಕೊಡುತ್ತದೆ ಎಂಬುದು ಮುಖ್ಯವಾಗುತ್ತದೆ. ಆ ದೃಷ್ಟಿಯಿಂದ ಟೋಕಿಯೊ ನಿಲ್ದಾಣದೊಳಗಿನ ಭೇಟಿಯ ತಾಣವಾದ ‘ಗಿನ್ ನೋ ಸುಜು’, ಅಂದರೆ ಬೆಳ್ಳಿ ಗಂಟೆಯನ್ನು ಒಂದು ಸೇವೆ ಎಂದು ಪರಿಗಣಿಸಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಬೆಂಗಳೂರಿನಿಂದ ಟೋಕಿಯೊ ಬಳಿಯ ನರಿತಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನ ಇರುವುದರಿಂದ, ಮನೆಯ ಹಿರಿಯರನ್ನು ಒಬ್ಬರೇ ಬರಲು ಹೇಳಿ ಅಲ್ಲಿ ಕೂಡಿಕೊಳ್ಳುವ ಯೋಚನೆ ಮಾಡುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಗಂಟೆಯ ವಿಚಾರ. ನಿಲ್ದಾಣದ ಪೂರ್ವ ಭಾಗವನ್ನು ಯಾಯೆಸು ಎಂದೂ ಪಶ್ಚಿಮ ಭಾಗವನ್ನು ಮಾರುನೌಚಿ ಎಂದೂ ಕರೆಯುತ್ತಾರೆ. ಯಾಯೆಸು ಕಡೆಯ ಜನಸಂದಣಿಯಲ್ಲಿ ಪ್ರಯಾಣಿಕರು ಒಬ್ಬರನ್ನೊಬ್ಬರು ಹುಡುಕಿ ಬಳಲುತ್ತಿದ್ದ ಕಾರಣ, ಎಲ್ಲರಿಗೂ ಹೇಳಲು ಸುಲಭವಾದ ಒಂದು ಗುರುತು ಇರಲಿ ಎಂದು 1968ರಲ್ಲಿ ಮೊದಲ ಗಂಟೆಯನ್ನು ತೂಗುಹಾಕಲಾಯಿತು. ಅದು ಬಿದಿರಿನ ಚೌಕಟ್ಟಿಗೆ ಬೆಳ್ಳಿ ಬಣ್ಣದ ಕಾಗದ ಅಂಟಿಸಿ ಮಾಡಿದ ಸರಳ ವಸ್ತುವಾಗಿತ್ತು. ಈಗಿರುವುದು ನಾಲ್ಕನೆಯದು, ಲೋಹ ಕಲಾವಿದ ಮಿಯಾತಾ ರ್ಯೋಹೇ ಅವರು ರೂಪಿಸಿದ ಇದು 2007ರಲ್ಲಿ ಬಂತು. ನೆಲಮಾಳಿಗೆಯ ಮೊದಲ ಹಂತದಲ್ಲಿ, ಗ್ರಾನ್‌ಸ್ಟಾ ಎಂಬ ಅಂಗಡಿ ಸಾಲುಗಳ ನಡುವೆ, ಯಾಯೆಸು ನೆಲಮಾಳಿಗೆಯ ಮಧ್ಯ ದ್ವಾರಕ್ಕೆ ಸಮೀಪದಲ್ಲಿದೆ. ಜನರ ತೊಂದರೆಯನ್ನು ಕಣ್ಣಾರೆ ಕಂಡು, ಕಾಗದ ಬಿದಿರಿನಲ್ಲಾದರೂ ಸರಿ, ಕೂಡಲೇ ಒಂದು ಪರಿಹಾರವನ್ನು ಕಟ್ಟಿ, ಅದನ್ನು ಅರ್ಧ ಶತಮಾನಕ್ಕೂ ಮೀರಿ ಉಳಿಸಿಕೊಂಡು ಬಂದ ಆ ಕಾಳಜಿಯ ಬಗ್ಗೆ ನನಗೆ ನಿಜವಾದ ಗೌರವವಿದೆ.

ಗುರುತು ಏಕೆ ಬೇಕೆಂಬುದು ನಿಲ್ದಾಣದ ರಚನೆಯನ್ನು ಅರಿತರೆ ತಿಳಿಯುತ್ತದೆ. ನಮ್ಮಲ್ಲಿ ‘ಒಂದನೇ ಪ್ಲಾಟ್‌ಫಾರಂನಲ್ಲಿ ನಿಂತಿರುತ್ತೇನೆ’ ಎಂದರೆ ಅದು ಪೂರ್ಣ ವಿಳಾಸ. ಟೋಕಿಯೊ ನಿಲ್ದಾಣದಲ್ಲಿ ಒಂದನೇ ಪ್ಲಾಟ್‌ಫಾರಂ ಎಂಬುದು ಒಂದೇ ಇಲ್ಲ. ನೆಲದ ಮೇಲಿನ ಸಾಮಾನ್ಯ ಮಾರ್ಗಗಳಿಗೆ 1ರಿಂದ 10ರವರೆಗೆ ಸಂಖ್ಯೆಗಳಿದ್ದು, ಅವುಗಳಲ್ಲಿ 1 ಮತ್ತು 2 ಚುವೊ ಮಾರ್ಗದವು. ಮಾರುನೌಚಿ ಕಡೆ ನೆಲದಡಿ ಐದನೇ ಹಂತದಲ್ಲಿರುವ ಸೋಬು ಮಾರ್ಗದ ಪ್ಲಾಟ್‌ಫಾರಂಗಳಿಗೆ ಮತ್ತೆ 1ರಿಂದ 4ರ ಸಂಖ್ಯೆಗಳು. ದಕ್ಷಿಣಕ್ಕೆ ಬಹಳ ದೂರದಲ್ಲಿ ನೆಲದಡಿಯೇ ಇರುವ ಕೇಯೊ ಮಾರ್ಗಕ್ಕೂ 1ರಿಂದ 4. ಮಾರುನೌಚಿ ಸುರಂಗ ಮೆಟ್ರೊಗೂ ತನ್ನದೇ 1 ಮತ್ತು 2 ಇವೆ. ಇನ್ನು ಶಿಂಕಾನ್ಸೆನ್ ವೇಗದ ರೈಲುಗಳಿಗೆ 14ರಿಂದ 23. ನಡುವೆ 11, 12, 13 ಎಂಬ ಸಂಖ್ಯೆಗಳೇ ಇಲ್ಲ. ಆದ್ದರಿಂದ ಟಿಕೆಟ್ ನೋಡಿ ಪ್ಲಾಟ್‌ಫಾರಂ ಸಂಖ್ಯೆಯನ್ನು ಹೇಳಿಕೊಂಡು ಭೇಟಿಯಾಗಲು ಹೊರಟ ಇಬ್ಬರು, ತಾವು ಸರಿಯಾದ ಜಾಗದಲ್ಲೇ ಇದ್ದೇವೆ ಎಂಬ ಪೂರ್ಣ ನಂಬಿಕೆಯಿಂದ, ಒಬ್ಬರು ಮಾಳಿಗೆಯ ಎತ್ತರದಲ್ಲೂ ಇನ್ನೊಬ್ಬರು ಐದು ಹಂತದ ಆಳದಲ್ಲೂ ಕಾಯುತ್ತಿರುವುದು ಸಾಧ್ಯ. ಕೇಯೊ ಪ್ಲಾಟ್‌ಫಾರಂನಿಂದ ನಿಲ್ದಾಣದ ನಡುಭಾಗಕ್ಕೆ ಬರಲು, ಚಲಿಸುವ ನಡಿಗೆಪಟ್ಟಿಗಳಿದ್ದರೂ, ಪೆಟ್ಟಿಗೆ ಎಳೆದುಕೊಂಡು ಹತ್ತು ನಿಮಿಷಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಇಂಥ ಕಡೆ ಸಂಖ್ಯೆಗಿಂತ ವಸ್ತು ಮೇಲು. ಇಡೀ ನಿಲ್ದಾಣಕ್ಕೆ ಒಂದೇ ಬೆಳ್ಳಿ ಗಂಟೆ ಇದೆ.

ನಾನು ಕ್ಯೋಟೊದಿಂದ ಶಿಂಕಾನ್ಸೆನ್‌ನಲ್ಲಿ ಬರುವವನಿದ್ದೆ; ಮಲ್ಲೇಶ್ವರದ ನಮ್ಮ ಚಿಕ್ಕಮ್ಮ ಅದೇ ದಿನ ನರಿತಾದಲ್ಲಿ ಇಳಿದು ನರಿತಾ ಎಕ್ಸ್‌ಪ್ರೆಸ್ ಹಿಡಿಯುವವರಿದ್ದರು. ಹೊರಡುವ ಮೊದಲು ಅವರೂ ‘ಇಳಿದ ಮೇಲೆ ಫೋನ್ ಮಾಡ್ತೀನಿ ಬಿಡೋ’ ಎಂದೇ ಹೇಳಿದ್ದರು. ‘ಫೋನ್ ಹತ್ತದಿದ್ದರೆ ಏನು ಮಾಡ್ತೀರಿ ಚಿಕ್ಕಮ್ಮ?’ ಎಂದು ಕೇಳಿ, ಮನೆಯಲ್ಲಿಯೇ ಕುಳಿತು ನಕ್ಷೆಯ ಮೇಲೆ ಗಂಟೆಯ ಜಾಗವನ್ನು ಗುರುತಿಸಿ, ಮೊದಲು ಬಂದವರು ಅಲ್ಲಿಂದ ಕದಲದೆ ಕಾಯಬೇಕು ಎಂದು ಮಾತಾಡಿಕೊಂಡೆವು. ಅದು ಒಳ್ಳೆಯದಾಯಿತು. ಬೆಂಗಳೂರಿನಲ್ಲಿ ಕೊಂಡಿದ್ದ ಅವರ ಇ-ಸಿಮ್ ಜಪಾನಿನಲ್ಲಿ ಕೆಲಸ ಮಾಡಲೇ ಇಲ್ಲ. ಆದರೂ ಅವರು ಯಾರನ್ನೂ ಕರೆಯದೆ, ಫಲಕಗಳನ್ನು ಓದಿಕೊಂಡು, ನಾವು ಗೊತ್ತುಮಾಡಿದ್ದ ಹೊತ್ತಿಗೆ ಗಂಟೆಯ ಬಳಿ ಬಂದರು. ಸೇವೆಯ ನಿಜವಾದ ಪರೀಕ್ಷೆ ಇದೇ ಎಂದು ನಾನು ಭಾವಿಸುತ್ತೇನೆ: ಫೋನಿಲ್ಲದ, ಜಪಾನೀ ಭಾಷೆ ಬಾರದ, ಅರವತ್ತು ದಾಟಿದ ಪ್ರಯಾಣಿಕರನ್ನು ಅದು ಗುರಿ ಮುಟ್ಟಿಸಿತು.

ಅವರ ದಾರಿ ಸುಲಭದ್ದಲ್ಲ. ನರಿತಾ ಎಕ್ಸ್‌ಪ್ರೆಸ್ ಸುಮಾರು ಒಂದು ಗಂಟೆಯ ಪ್ರಯಾಣದ ನಂತರ ಟೋಕಿಯೊ ನಿಲ್ದಾಣದ ಅತ್ಯಂತ ಆಳದ ಸೋಬು ಪ್ಲಾಟ್‌ಫಾರಂಗಳಿಗೇ ಬರುತ್ತದೆ. ಅಲ್ಲಿಂದ ಉದ್ದುದ್ದದ ಎಸ್ಕಲೇಟರ್‌ಗಳನ್ನು ಒಂದಾದ ಮೇಲೊಂದು ಹತ್ತಿ ಮೊದಲ ನೆಲಮಾಳಿಗೆಗೆ ಬಂದು, ಮಾರುನೌಚಿ ಕಡೆಯಿಂದ ಯಾಯೆಸು ಕಡೆಗೆ ನಡೆಯಬೇಕು. ಮಂಡಿನೋವು ಇರುವವರು ಅಥವಾ ದೊಡ್ಡ ಪೆಟ್ಟಿಗೆ ತಂದವರು ಲಿಫ್ಟ್ ಹುಡುಕಿಕೊಳ್ಳುವುದು ಲೇಸು. ಫಲಕಗಳು ಜಪಾನಿ, ಇಂಗ್ಲಿಷ್, ಚೀನಿ, ಕೊರಿಯನ್ ಭಾಷೆಗಳಲ್ಲಿವೆ. ಹೊರದಾರಿಯ ಫಲಕಗಳ ಹಿನ್ನೆಲೆ ಹಳದಿ. ಈ ಹಳದಿ ಬಣ್ಣವನ್ನು ಹಿರಿಯರಿಗೆ ಮೊದಲೇ ಹೇಳಿಕೊಡಬೇಕು. ನಮಗೆ ನಿಲ್ದಾಣದಲ್ಲಿ ಇಳಿದೊಡನೆ ಹೊರಗೆ ಹೋಗುವ ರೂಢಿ. ಇಲ್ಲಿ ಹಳದಿ ಫಲಕ ಕಂಡರೂ ಅದನ್ನು ಹಿಂಬಾಲಿಸಿ ಗೇಟು ದಾಟಬಾರದು.

ಈ ಸೇವೆಯ ಬಗ್ಗೆ ಓದುಗರು ತಿಳಿದಿರಲೇಬೇಕಾದ ಸಂಗತಿ ಎಂದರೆ ಇದು. ಬೆಳ್ಳಿ ಗಂಟೆ ಇರುವುದು ಟಿಕೆಟ್ ಗೇಟುಗಳ ಒಳಗೆ. ನಮ್ಮ ಮೆಟ್ರೊದಲ್ಲಿ ಕಾರ್ಡ್ ತಟ್ಟಿ ಹೊರಬಂದ ಮೇಲೆ ಒಳಗಿರುವವರನ್ನು ಸೇರಲು ಮತ್ತೆ ದುಡ್ಡು ಕೊಟ್ಟು ಒಳಹೋಗಬೇಕಾದ ಹಾಗೆಯೇ, ಇಲ್ಲಿಯೂ ಹೊರಗೆ ಹೋದವರು ಬರಿಗೈಯಲ್ಲಿ ಒಳಗೆ ಮರಳುವಂತಿಲ್ಲ. ಶಿಂಕಾನ್ಸೆನ್‌ನಿಂದ ಇಳಿದವರಿಗೆ ತೊಡಕು ಇನ್ನೊಂದು ಬಗೆಯದು: ಅದಕ್ಕೆ ಪ್ರತ್ಯೇಕ ಗೇಟುಗಳಿದ್ದು, ಅವುಗಳಲ್ಲಿ ಕೆಲವು ನೇರವಾಗಿ ಬೀದಿಯ ಕಡೆಗೂ ಇನ್ನು ಕೆಲವು ಸಾಮಾನ್ಯ ಮಾರ್ಗಗಳ ಆವರಣಕ್ಕೂ ಬಿಡುತ್ತವೆ. ಗಂಟೆಗೆ ಹೋಗಬೇಕಾದವರು ಎರಡನೆಯದನ್ನು, ಅಂದರೆ ಬೇರೆ ರೈಲಿಗೆ ಬದಲಾಗುವ ಗೇಟನ್ನು ಆರಿಸಬೇಕು. ಟಿಕೆಟ್ಟಿನ ಬಗ್ಗೆ ಅನುಮಾನವಿದ್ದರೆ ಯಂತ್ರಕ್ಕೆ ಹಾಕುವ ಮೊದಲು ಗೇಟಿನ ಪಕ್ಕದಲ್ಲಿರುವ ಸಿಬ್ಬಂದಿಗೆ ತೋರಿಸಿ, ಗಂಟೆಯ ಹೆಸರು ಹೇಳಿದರೆ ಸಾಕು. ಆ ಹೆಸರು ಅವರೆಲ್ಲರಿಗೂ ಗೊತ್ತು. ಭೇಟಿಯ ತಾಣದ ದೊಡ್ಡ ಅನುಕೂಲವೇ ಅದು, ಯಾವ ಭಾಷೆಯವರು ಕೇಳಿದರೂ ಮೂರೇ ಪದದಲ್ಲಿ ಕೇಳಬಹುದು.

ಜೊತೆಗಾರರಲ್ಲಿ ಒಬ್ಬರು ಆಗಲೇ ಟೋಕಿಯೊದಲ್ಲಿ ತಂಗಿದ್ದು, ನಿಲ್ದಾಣಕ್ಕೆ ಹೊರಗಿನಿಂದ ಬರುವುದಾದರೆ ಅವರಿಗೂ ದಾರಿಯಿದೆ. ಸುಮಾರು 150 ಯೆನ್‌ಗೆ ಪ್ಲಾಟ್‌ಫಾರಂ ಟಿಕೆಟ್ ಸಿಗುತ್ತದೆ; ನಮ್ಮ ಹತ್ತು ರೂಪಾಯಿಯ ಪ್ಲಾಟ್‌ಫಾರಂ ಟಿಕೆಟ್ಟಿನಂತೆಯೇ ಅದೂ ಎರಡು ಗಂಟೆಗಳ ಮಟ್ಟಿಗೆ ಮಾತ್ರ ನಡೆಯುತ್ತದೆ, ಅದರಲ್ಲಿ ರೈಲು ಹತ್ತುವಂತಿಲ್ಲ. ಸುಯಿಕಾ ಎಂಬ, ಮೊದಲೇ ಹಣ ತುಂಬಿಸಿಕೊಳ್ಳುವ ಪ್ರಯಾಣ ಕಾರ್ಡ್ ಇದ್ದವರು 2021ರಿಂದ ಕಾರ್ಡನ್ನೇ ತಟ್ಟಿ ಇದೇ ರೀತಿ ಒಳಹೋಗಿ ಬರಬಹುದು. ನರಿತಾದ ವಿಮಾನ ತಡವಾಗುವ ಸಂಭವ ಇದ್ದರೆ ಈ ಎರಡು ಗಂಟೆಗಳ ಮಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡು, ವಿಮಾನ ಇಳಿದದ್ದನ್ನು ಖಚಿತಪಡಿಸಿಕೊಂಡ ಮೇಲೆಯೇ ಒಳಗೆ ಹೋಗುವುದು ಉತ್ತಮ. ಭೇಟಿಯ ತಾಣ ಎಂದು ಹೆಸರಾದ ಜಾಗಕ್ಕೆ ಹಣ ಕೊಟ್ಟು ಪ್ರವೇಶಿಸಬೇಕಾಗಿರುವುದು ಅದರ ಉದ್ದೇಶಕ್ಕೆ ಪೂರ್ತಿ ಒಪ್ಪುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಇದೇ ಊರಿನ ಶಿಬುಯಾ ನಿಲ್ದಾಣದಲ್ಲಿ ಎಲ್ಲರೂ ಕಾಯುವ ಹಾಚಿಕೊ ನಾಯಿಯ ಪ್ರತಿಮೆ ಗೇಟಿನ ಹೊರಗೆ, ಬಯಲಿನಲ್ಲಿದೆ. ಅಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ಜಾಗದ ಅನುಕೂಲಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಳಾಂಗಣವಾದ್ದರಿಂದ ಮಳೆ, ಚಳಿಯ ಬಾಧೆ ಇಲ್ಲ. ಕೂರಲು ಆಸನಗಳಿವೆ, ಆದರೆ ಸಂಜೆಯ ಹೊತ್ತಿಗೆ ಅವು ಸಾಲುವುದಿಲ್ಲ. ಹತ್ತಿರದಲ್ಲಿ ನಾಣ್ಯದ ಲಾಕರ್‌ಗಳಿವೆ. ನೆಲಮಾಳಿಗೆಯ ಛಾವಣಿ ತಗ್ಗಾಗಿರುವುದರಿಂದ ಗಂಟೆ ದೂರದಿಂದ ಕಾಣುವುದಿಲ್ಲ. ಫಲಕ ಹಿಡಿದೇ ಹೋಗಬೇಕು, ಹತ್ತಿರ ಬಂದ ಮೇಲೆ ಮಾತ್ರ ಅನುಮಾನಕ್ಕೆ ಎಡೆಯಿಲ್ಲ. ಸಸ್ಯಾಹಾರಿಗಳಿಗೆ ಒಂದು ಮಾತು: ಗೇಟುಗಳ ಒಳಗಿರುವ ಕೇಯೊ ಸ್ಟ್ರೀಟ್‌ನಲ್ಲಿ ಟೀಸ್ ಟಾನ್‌ಟಾನ್ ಎಂಬ, ಮಾಂಸ, ಮೀನು, ಮೊಟ್ಟೆ, ಹಾಲು ಏನನ್ನೂ ಬಳಸದೆ ರಾಮೆನ್, ಅಂದರೆ ಸಾರಿನಲ್ಲಿ ಬಡಿಸುವ ನೂಡಲ್ಸ್ ಮಾಡುವ ಉಪಾಹಾರ ಗೃಹವಿದೆ. ದೂರದ ಪ್ರಯಾಣ ಮಾಡಿ ಬಂದ ಹಿರಿಯರಿಗೆ ‘ಇದನ್ನು ನಿಶ್ಚಿಂತೆಯಿಂದ ತಿನ್ನಬಹುದು’ ಎಂದು ಹೇಳಲಾಗುವ ಊಟ ಅದೇ ಆವರಣದಲ್ಲಿ ಸಿಗುವುದು ಸಣ್ಣ ಸಮಾಧಾನವಲ್ಲ.

ಒಬ್ಬರು ಅಕಸ್ಮಾತ್ ಹೊರಗೆ ಹೋಗಿಬಿಟ್ಟರೆ ಸೇರಲು ಎರಡನೆಯ ಜಾಗವೊಂದನ್ನು ಗೇಟಿನ ಹೊರಗೆ ಗೊತ್ತುಮಾಡಿಕೊಂಡಿರಬೇಕು. ನಾವು ಆರಿಸಿಕೊಂಡಿದ್ದು ಮಾರುನೌಚಿ ಕಡೆಯ ಕೆಂಪು ಇಟ್ಟಿಗೆಯ ಕಟ್ಟಡದ ಗುಮ್ಮಟ. ತಾತ್ಸುನೊ ಕಿಂಗೊ ವಿನ್ಯಾಸಗೊಳಿಸಿ 1914ರಲ್ಲಿ ತೆರೆದ ಈ ಕಟ್ಟಡದ ಗುಮ್ಮಟಗಳೂ ಮೂರನೆಯ ಮಹಡಿಯೂ 1945ರ ವಾಯುದಾಳಿಯಲ್ಲಿ ನಾಶವಾಗಿದ್ದವು. 2012ರಲ್ಲಿ ಮೊದಲಿನ ರೂಪಕ್ಕೆ ಮರಳಿದವು. ತಲೆಯೆತ್ತಿ ನೋಡಿದರೆ ಹದ್ದುಗಳ ಮತ್ತು ಪೂರ್ವದೇಶಗಳ ರಾಶಿಚಕ್ರದ ಪ್ರಾಣಿಗಳ ಉಬ್ಬುಶಿಲ್ಪಗಳು ಕಾಣುತ್ತವೆ. ಗುರುತಿಗೆ ಇದಕ್ಕಿಂತ ಸ್ಪಷ್ಟವಾದದ್ದು ಬೇಡ. ಆದರೆ ಎಚ್ಚರಿಕೆ ಇಲ್ಲಿಯೂ ಬೇಕು, ಏಕೆಂದರೆ ಉತ್ತರಕ್ಕೊಂದು ದಕ್ಷಿಣಕ್ಕೊಂದು ಗುಮ್ಮಟವಿದ್ದು, ಎರಡೂ ಅವಳಿಜವಳಿ. ‘ಗುಮ್ಮಟದ ಕೆಳಗೆ’ ಎಂದಷ್ಟೇ ಹೇಳಿಕೊಂಡರೆ ಸಾಲದು. ಉತ್ತರದ ಗುಮ್ಮಟವನ್ನೇ ಆರಿಸುವಂತೆ ನನ್ನ ಸಲಹೆ. ಯಾಯೆಸು ಕಡೆ ಹೊರಬಿದ್ದವರೂ ಟಿಕೆಟ್ ಇಲ್ಲದೆ ನಿಲ್ದಾಣವನ್ನು ಅಡ್ಡಹಾಯ್ದು ಬರಬಹುದಾದ ಸಾರ್ವಜನಿಕ ಹಾದಿ ಆ ಕಡೆಗೇ ಇದೆ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಗೇಟಿನ ಒಳಗಿರುವ ಕಾರಣಕ್ಕೆ ಒಂದನ್ನು ಕಳೆದಿದ್ದೇನೆ. ಇಬ್ಬರೂ ರೈಲಿನಲ್ಲಿಯೇ ಬಂದು ಸೇರುವವರಾದರೆ, ಅದರಲ್ಲೂ ಒಬ್ಬರು ಹಿರಿಯರಾಗಿದ್ದರೆ, ಬೇರೆ ಯೋಚನೆ ಮಾಡದೆ ಇದನ್ನೇ ಆರಿಸಿಕೊಳ್ಳಬಹುದು. ಹತ್ತು ಹದಿನೈದು ಜನರ ತಂಡ ಸೇರಬೇಕಾಗಿದ್ದು, ಅರ್ಧ ಜನ ಹೋಟೆಲಿನಿಂದ, ಅರ್ಧ ಜನ ವಿಮಾನ ನಿಲ್ದಾಣದಿಂದ ಬರುವವರಾದರೆ ಮಾತ್ರ ಗಂಟೆಯನ್ನು ಬಿಟ್ಟು ನೇರವಾಗಿ ಉತ್ತರದ ಗುಮ್ಮಟವನ್ನೇ ಗೊತ್ತುಮಾಡಿ. ಯಾವುದನ್ನು ಆರಿಸಿದರೂ ಆ ಜಾಗದ ಹೆಸರನ್ನು ಜಪಾನೀ ಲಿಪಿಯಲ್ಲಿ ಮುದ್ರಿಸಿದ ಒಂದು ಚೀಟಿ, ಹಂತದ ಸಂಖ್ಯೆ, ಗೇಟಿನ ಒಳಗೋ ಹೊರಗೋ ಎಂಬ ವಿವರ, ಎಷ್ಟು ಹೊತ್ತಿನವರೆಗೆ ಕಾಯಬೇಕು ಎಂಬ ಮಾತು, ಇವಿಷ್ಟು ಬೆಂಗಳೂರು ಬಿಡುವ ಮುನ್ನವೇ ಇಬ್ಬರ ಪಾಸ್‌ಪೋರ್ಟಿನ ಜೊತೆಯಲ್ಲೂ ಇರಲಿ. ಜೊತೆಗೆ ಹತ್ತು ಮತ್ತು ನೂರು ಯೆನ್ ನಾಣ್ಯಗಳು ಕೈಯಲ್ಲಿದ್ದರೆ ನಿಲ್ದಾಣದ ಸಾರ್ವಜನಿಕ ಫೋನಿನಿಂದ ಸ್ಥಳೀಯ ಸಂಖ್ಯೆಗೆ ಕರೆ ಮಾಡಬಹುದು.